ABCD ಆಯತವೆಂದು ಸಾಧಿಸಿ

"ಮೇಡಂ, ನಂಗೆ ಸ್ಲೋಪ್ ಹೇಳ್ಕೊಡ್ತೀರಾ?"

ಕೇಳಿದ ಹೆಂಗಸಿಗೆ ನಲವತ್ತರ ಆಸುಪಾಸು. ಸಂಕ್ರಾಂತಿ ಕಳೆದ ಮೊದಲ ಶನಿವಾರ, ಕಾಲೇಜು ಬಿಟ್ಟು ಹುಡುಗರೆಲ್ಲ ಬಸ್‌ಸ್ಟ್ಯಾಂಡಿನ ಕಡೆ ಓಡಿದ ಮೇಲೆ, ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು. ನಾನು ಯಾರೋ ವಿದ್ಯಾರ್ಥಿಯ ತಾಯಿ, ಅಟೆಂಡೆನ್ಸ್ ವಿಷಯ ಮಾತಾಡಲು ಬಂದಿದ್ದಾರೆ ಅಂದುಕೊಂಡೆ. ಹತ್ತೊಂಬತ್ತು ವರ್ಷದಿಂದ ಪಿಯುಸಿಗೆ ಗಣಿತ ಪಾಠ ಮಾಡುತ್ತಿದ್ದೇನೆ. ತಾಯಂದಿರು ಬರುತ್ತಾರೆ. ಅಳುತ್ತಾರೆ, ಬೈಯುತ್ತಾರೆ, "ನೀವೇ ಒಂದ್ ಮಾತು ಹೇಳಿ" ಅನ್ನುತ್ತಾರೆ. ಆದರೆ ಸ್ಲೋಪ್ ಹೇಳಿಕೊಡಿ ಅಂತ ಯಾವ ತಾಯಿಯೂ ಕೇಳಿರಲಿಲ್ಲ.

"ಯಾರಿಗೆ?" ಅಂದೆ.

"ನಂಗೇ ಮೇಡಂ. ನಾನು ಲಾವಣ್ಯ ಅಮ್ಮ."

ಇಲ್ಲಿ ನಾನೊಂದು ವಿಷಯ ಒಪ್ಪಿಕೊಳ್ಳಬೇಕು. ಲಾವಣ್ಯ ಎಂಬ ಹೆಸರು ಕೇಳಿ ನನ್ನ ಕಣ್ಣ ಮುಂದೆ ಮುಖ ಬರಲು ಒಂದೆರಡು ಸೆಕೆಂಡು ಹಿಡಿಯಿತು. ಫಸ್ಟ್ ಪಿಯುಸಿ, ಕಿಟಕಿ ಕಡೆಯ ಸಾಲು, ಮೂರನೇ ಬೆಂಚು. ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಜಡೆ. ಡಿಸೆಂಬರಿನಲ್ಲಿ ಜ್ವರ ಬಂತು, ಐದನೇ ದಿನಕ್ಕೆ ಹೋಗಿಬಿಟ್ಟಳು. ಪ್ರಾರ್ಥನೆಯ ಹೊತ್ತಿಗೆ ಎರಡು ನಿಮಿಷ ಮೌನ ನಿಂತೆವು. ಅವಳ ಗೆಳತಿಯರು ಒಂದು ವ್ಯಾನ್ ಮಾಡಿಕೊಂಡು ಊರಿಗೆ ಹೋಗಿಬಂದರು. ನಾನು ಹೋಗಲಿಲ್ಲ. (ಪೇಪರ್ ವ್ಯಾಲ್ಯುಯೇಷನ್ ಇತ್ತು. ನಮ್ಮ ಬಳಿ ಯಾವಾಗಲೂ ಏನಾದರೂ ಒಂದು ಇದ್ದೇ ಇರುತ್ತದೆ, ಅಲ್ಲವೇ?)

ಕಳೆದ ನಾಲ್ಕು ವಾರ ಈ ಅಂಕಣದಲ್ಲಿ ನಾನು ಏನೇನೋ ಬರೆದೆ. ಕೋಲಾರದ ಟ್ರಾಫಿಕ್ಕು, ಆಟೋದವರ ಜಗಳ, ಶ್ರೀನಿವಾಸಪುರದ ನಮ್ಮಮ್ಮ ಮಾಡುವ ಮಾವಿನಕಾಯಿ ಉಪ್ಪಿನಕಾಯಿ. "ಮೇಡಂ, ಈಚೆಗೆ ನಿಮ್ಮ ಬರಹದಲ್ಲಿ ಜೀವ ಇಲ್ಲ" ಎಂದು ಮಾಲೂರಿನ ಓದುಗರೊಬ್ಬರು ಮೆಸೇಜ್ ಹಾಕಿದರು. ನಿಜ. ಬರೆಯಬೇಕಾದ್ದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆಯುತ್ತಿದ್ದೆ. ಇವತ್ತು ಅದನ್ನು ಬರೆಯುತ್ತೇನೆ.

ಅವರ ಹೆಸರು ಅಮರಾವತಿ. ವಕ್ಕಲೇರಿಯಿಂದ ಒಳಗೆ ಒಂದು ಹಳ್ಳಿ. ಗಂಡ ಹಿಪ್ಪುನೇರಳೆ ತೋಟ, ಹಸು ನೋಡಿಕೊಳ್ಳುತ್ತಾರೆ. ಈಕೆಗೆ ಊರಿನ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆಯುವ, ಲ್ಯಾಕ್ಟೋಮೀಟರ್ ಹಾಕಿ ಡಿಗ್ರಿ ನೋಡುವ ಕೆಲಸ. ಎಸ್ಸೆಸ್ಸೆಲ್ಸಿ ಪಾಸು. ಲಾವಣ್ಯ ಒಬ್ಬಳೇ ಮಗಳು.

ಕವರಿನಿಂದ ನೋಟ್‌ಬುಕ್ಕು ತೆಗೆದು ನನ್ನ ಮೇಜಿನ ಮೇಲಿಟ್ಟರು. ಬ್ರೌನ್ ಪೇಪರ್ ಹಾಕಿದ ಲಾಂಗ್ ಬುಕ್ಕು. ನನ್ನದೇ ಸಬ್ಜೆಕ್ಟು.

"ಅವಳ ಬುಕ್ಕೆಲ್ಲ ತಿರುವಿ ನೋಡ್ದೆ ಮೇಡಂ. ಎಲ್ಲಾ ಮುಗ್ಸವ್ಳೆ. ಇದೊಂದು ಲೆಕ್ಕ ಅರ್ಧಕ್ಕೆ ನಿಂತೈತೆ. ಇದಾದ್ಮೇಲೆ ಬರೀ ಖಾಲಿ ಹಾಳೆ. ಅದೊಂದು ಮುಗಿಸಿ ಎತ್ತಿಡೋಣ ಅಂತ."

"ಕೊಡಿ, ಈಗಲೇ ಮಾಡಿಕೊಡ್ತೀನಿ, ಐದು ನಿಮಿಷದ ಕೆಲಸ" ಅಂದೆ.

ಅವರು ನೋಟ್‌ಬುಕ್ಕಿನ ಮೇಲೆ ಕೈಯಿಟ್ಟರು. "ನೀವು ಮಾಡ್ಬೇಡಿ. ನಾನು ಮಾಡ್ಬೇಕು."

ಪುಟ ತೆರೆದು ನೋಡಿದೆ. A(1, 1), B(5, 3), C(4, 6), D(0, 3). ಈ ನಾಲ್ಕು ಬಿಂದುಗಳನ್ನು ಸೇರಿಸಿದರೆ ಬರುವ ಆಕೃತಿ ಆಯತವೆಂದು ಸ್ಲೋಪ್ ಬಳಸಿ ಸಾಧಿಸಿ. ಪ್ರತಿವರ್ಷ ನಾನು ಬೋರ್ಡಿನ ಮೇಲೆ ಬರೆಯುವ ಲೆಕ್ಕ. ಕೆಳಗೆ ಲಾವಣ್ಯ ಒಂದು ಸಲ ಮಾಡಿ ಹೊಡೆದುಹಾಕಿದ್ದಳು. ಮತ್ತೆ ಮಾಡಿ ಮತ್ತೆ ಹೊಡೆದುಹಾಕಿದ್ದಳು. ಹಾಗೆ ನಾಲ್ಕು ಸಲ. ನಾಲ್ಕನೆಯದು ಅರ್ಧಕ್ಕೇ ನಿಂತಿತ್ತು. ಅದರ ಪಕ್ಕ ನನ್ನ ಕೆಂಪು ಇಂಕು, ಇಂಗ್ಲಿಷಿನಲ್ಲಿ ಒಂದೇ ಪದ: ಇನ್‌ಕಂಪ್ಲೀಟ್.

"ಎಲ್ಲೋ ಮೈನಸ್ ಚಿಹ್ನೆ ತಪ್ಪಿರ್ತಾಳೆ. ಮಕ್ಕಳು ಯಾವಾಗಲೂ ಅಲ್ಲೇ ಎಡವೋದು. ನಾವು ಸರಿ ಮಾಡೋಣ ಬನ್ನಿ" ಅಂದುಬಿಟ್ಟೆ.

ಒಂದೇ ಒಂದು ಸಾಲು ಲೆಕ್ಕ ಹಾಕಿ ನೋಡದೆ ಅಂದುಬಿಟ್ಟೆ.

ಮೂರು ಶನಿವಾರ ಬಂದರು. ಬೆಳಗಿನ ಹಾಲು ಮುಗಿಸಿ ಬಸ್ಸು ಹತ್ತಿ, ಸಂಜೆಯ ಹಾಲಿಗೆ ವಾಪಸ್ ಹೋಗುವ ಹಾಗೆ. ಮೊದಲನೇ ದಿನ ಗ್ರಾಫ್ ಹಾಳೆಯ ಮೇಲೆ ಬಿಂದು ಗುರುತಿಸುವುದು ಕಲಿತರು. "ಇದೇನ್ ಮೇಡಂ, ಸಿನಿಮಾ ಟಾಕೀಸಲ್ಲಿ ಸೀಟು ಹುಡುಕ್ದಂಗೆ" ಅಂದು ನಕ್ಕರು. ಆಮೇಲೆ ನಕ್ಕದ್ದಕ್ಕೆ ತಾವೇ ಮುಜುಗರಪಟ್ಟು ಸೆರಗಿನಿಂದ ಬಾಯಿ ಒರೆಸಿಕೊಂಡರು. ನಗಬಾರದು ಎಂದು ಯಾರೂ ಹೇಳಿರಲಿಲ್ಲ. ಮಗಳು ಹೋದ ಮನೆಯಲ್ಲಿ ಅದನ್ನು ಹೇಳಿಕೊಡಬೇಕಾಗಿಲ್ಲ.

ಸ್ಲೋಪ್ ಅಂದರೆ ಏನು ಅಂತ ನಾನು ಹೇಳಿದ್ದು ಇಷ್ಟೇ. ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೋಗುವಾಗ ಮುಂದಕ್ಕೆ ಎಷ್ಟು ಮನೆ ಹೋದೆವು, ಮೇಲಕ್ಕೆ ಎಷ್ಟು ಮನೆ ಹತ್ತಿದೆವು. ಹತ್ತಿದ್ದನ್ನು ಮುಂದಕ್ಕೆ ಹೋದದ್ದರಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಸ್ಲೋಪ್. ಗೆರೆ ಇಳಿಯುತ್ತಿದ್ದರೆ ಮೈನಸ್.

"ಅಂತರಗಂಗೆ ಬೆಟ್ಟದ ಮೆಟ್ಲು ಇದ್ದಂಗೆ" ಅಂದರು.

"ಹಾಗೇ."

"ಎರಡು ಗೆರೇದೂ ಒಂದೇ ಸ್ಲೋಪ್ ಬಂದ್ರೆ?"

"ಎರಡೂ ಸಮಾಂತರ. ಎಷ್ಟು ದೂರ ಎಳೆದರೂ ಸೇರಲ್ಲ."

"ನಮ್ ಹಿಪ್ಪುನೇರಳೆ ತೋಟದ ಸಾಲು."

ಎರಡನೇ ಶನಿವಾರ ಲಂಬಕೋನಕ್ಕೆ ಬಂದೆವು. ಎರಡು ಗೆರೆಗಳು ಒಂದಕ್ಕೊಂದು ನೆಟ್ಟಗೆ ನಿಂತಿದ್ದರೆ ಅವುಗಳ ಸ್ಲೋಪ್ ಗುಣಿಸಿದಾಗ ಮೈನಸ್ ಒಂದು ಬರುತ್ತದೆ. ನಾನು ವರ್ಷವೂ ಹೇಳುತ್ತೇನೆ, ಮಕ್ಕಳು ಬರೆದುಕೊಳ್ಳುತ್ತಾರೆ, ಬಾಕ್ಸ್ ಹಾಕುತ್ತಾರೆ, ಮುಂದಕ್ಕೆ ಹೋಗುತ್ತೇವೆ.

ಅಮರಾವತಿ ಮುಂದಕ್ಕೆ ಹೋಗಲಿಲ್ಲ. "ಯಾಕೆ ಮೈನಸ್ ಒಂದು?"

ಪಿಯುಸಿ ಪುಸ್ತಕದಲ್ಲಿ ಅದಕ್ಕೆ ಟ್ಯಾನ್, ಥೀಟಾ ಎಲ್ಲ ಇರುವ ಒಂದು ಪುರಾವೆ ಇದೆ. ಅದನ್ನು ಇವರಿಗೆ ಹೇಳುವುದು ಹೇಗೆ? ಕೊನೆಗೆ ಹಳೆಯ ಮದುವೆ ಕರೆಯೋಲೆಯಿಂದ ಒಂದು ತ್ರಿಕೋನ ಕತ್ತರಿಸಿದೆ. ಮುಂದಕ್ಕೆ ಎರಡು ಮನೆ, ಮೇಲಕ್ಕೆ ಒಂದು ಮನೆ. ಗ್ರಾಫಿನ ಮೇಲಿಟ್ಟು ಕಾಲು ಸುತ್ತು ತಿರುಗಿಸಿ ಅಂದೆ. ತಿರುಗಿಸಿದರು. ಮನೆ ಎಣಿಸಿದರು. ಹಿಂದಕ್ಕೆ ಒಂದು, ಮೇಲಕ್ಕೆ ಎರಡು.

"ಮಲಗಿದ್ದು ನಿಂತ್ಕೊಂತು. ನಿಂತಿದ್ದು ಮಲಗ್ತು. ಮಲಗಿದ್ದು ಹಿಂದಕ್ಕೆ ಮಲಗ್ತು, ಅದಕ್ಕೇ ಮೈನಸ್ಸು" ಅಂದರು.

ಹತ್ತೊಂಬತ್ತು ವರ್ಷದಲ್ಲಿ ಇಷ್ಟು ಚೆಂದಗೆ ನಾನೂ ಹೇಳಿರಲಿಲ್ಲ.

"ಲಾವಣ್ಯಂಗೂ ಇಂಗೇ ತಿರುಗಿಸಿ ತೋರಿಸಿದ್ರಾ ಮೇಡಂ?"

"ಇಲ್ಲ" ಅಂದೆ. ಎಂಬತ್ತು ಜನರ ತರಗತಿ, ಸಿಲಬಸ್ ಮುಗಿಯಬೇಕು, ಅಂತೆಲ್ಲ ಸಮಜಾಯಿಷಿ ಕೊಟ್ಟೆ. ಅವರು ತಲೆಯಾಡಿಸಿದರು. ಆ ಕಾಗದದ ತ್ರಿಕೋನವನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡರು.

ಮೂರನೇ ಶನಿವಾರ ಬಂದು ಕೂತವರೇ, "ಇವತ್ತು ಮಾಡಿಬಿಡ್ತೀನಿ" ಅಂದರು.

ನಾನು ಎದುರಿಗೆ ಕೂತು ಟೆಸ್ಟ್ ಪೇಪರ್ ತಿದ್ದುತ್ತಿದ್ದೆ. ಒಂದು ರಫ್ ಹಾಳೆಯ ಮೇಲೆ ಅವರ ಪೆನ್ಸಿಲ್ ಓಡುತ್ತಿತ್ತು. A ಇಂದ B ಗೆ ಮುಂದಕ್ಕೆ ನಾಲ್ಕು, ಮೇಲಕ್ಕೆ ಎರಡು. ಅರ್ಧ. B ಇಂದ C ಗೆ ಹಿಂದಕ್ಕೆ ಒಂದು, ಮೇಲಕ್ಕೆ ಮೂರು. ಮೈನಸ್ ಮೂರು.

"ಅರ್ಧನ ಮೈನಸ್ ಮೂರರಿಂದ ಗುಣಿಸಿದ್ರೆ ಮೈನಸ್ ಒಂದೂವರೆ. ಮೈನಸ್ ಒಂದು ಬರ್ಬೇಕಿತ್ತಲ್ಲ ಮೇಡಂ?"

ಪೇಪರಿನಿಂದ ತಲೆ ಎತ್ತದೆ, "ಇನ್ನೊಂದು ಸಲ ನೋಡಿ" ಅಂದೆ.

ಪೆನ್ಸಿಲ್ ಮತ್ತೆ ಓಡಿತು. "ನೋಡ್ದೆ. ಅಷ್ಟೇ ಬರ್ತೈತೆ."

"ಚಿಹ್ನೆ ಸರಿಯಾಗಿ ಹಾಕಿದ್ದೀರಾ? ನಿಧಾನವಾಗಿ ನೋಡಿ."

"ಮೇಡಂ," ಅಂದರು. ದನಿ ಬದಲಾಗಿತ್ತು. "ನಮ್ ಪಾಪಂಗೂ ಇದೇ ಬಂದೈತೆ."

ಪೆನ್ನು ಕೆಳಗಿಟ್ಟು ನೋಟ್‌ಬುಕ್ಕು ಎಳೆದುಕೊಂಡೆ. ಮೊದಲ ಸಲ ನಿಜವಾಗಿ ನೋಡಿದೆ. ಲಾವಣ್ಯ ಹೊಡೆದುಹಾಕಿದ್ದ ಮೂರು ಪ್ರಯತ್ನದಲ್ಲೂ ಅದೇ. ಅರ್ಧ, ಮೈನಸ್ ಮೂರು, ಮುಕ್ಕಾಲು, ಮೈನಸ್ ಎರಡು. ಎದುರುಬದುರು ಬಾಹುಗಳು ಸಮಾಂತರವಾಗುತ್ತಿಲ್ಲ. ನಾಲ್ಕನೆಯ ಪ್ರಯತ್ನದ ಪಕ್ಕ, ನನ್ನ ಕೆಂಪು ಇಂಕಿನ ಕೆಳಗೆ, ಪೆನ್ಸಿಲಿನಲ್ಲಿ ಸಣ್ಣದಾಗಿ ಕನ್ನಡದಲ್ಲಿ ಬರೆದಿದ್ದಳು: "A ಮೂಲೆ ಸರಿ ಬರುತ್ತೆ. B ಯಾಕೆ ಬರಲ್ಲ?"

ಗ್ರಾಫ್ ಹಾಳೆ ತೆಗೆದುಕೊಂಡು ನಾಲ್ಕು ಬಿಂದು ಇಟ್ಟು ಗೆರೆ ಎಳೆದೆ. ಸ್ಲೋಪೂ ಬೇಡ, ಸೂತ್ರವೂ ಬೇಡ, ಕಣ್ಣಿಗೇ ಕಾಣುತ್ತಿತ್ತು. C ಒಂದು ಮನೆ ಮೇಲೆ ಹೋಗಿ ಕೂತಿತ್ತು. ಆಕೃತಿ ಒಂದು ಕಡೆ ಸೊಟ್ಟಗೆ ಎದ್ದು ನಿಂತಿತ್ತು. ಅದು ಆಯತವಲ್ಲ. ಸಮಾಂತರ ಚತುರ್ಭುಜ ಕೂಡ ಅಲ್ಲ. A ಹತ್ತಿರ ಒಂದು ಲಂಬಕೋನ ಇತ್ತು, ಅಷ್ಟೇ. ಅದನ್ನೂ ಅವಳು ಕಂಡುಹಿಡಿದಿದ್ದಳು.

ಬೀರುವಿನಿಂದ ನನ್ನ ನೋಟ್ಸ್ ಫೈಲ್ ತೆಗೆದೆ. ಮುಳಬಾಗಿಲಿನಲ್ಲಿ ಕೆಲಸಕ್ಕೆ ಸೇರಿದ ವರ್ಷ ಬರೆದದ್ದು, ಅಂಚೆಲ್ಲ ಹಳದಿಯಾಗಿದೆ. C(4, 5) ಅಂತ ಇದೆ. ಆ ಐದರ ಹೊಟ್ಟೆ ಕೆಳಗೆ ಮುಚ್ಚಿಕೊಂಡು ಆರರ ಹಾಗೆ ಕಾಣುತ್ತದೆ. ಅಷ್ಟು ವರ್ಷ ಸರಿಯಾಗಿ ಓದಿಕೊಂಡವಳು ಈ ವರ್ಷ ಆರು ಅಂತ ಬೋರ್ಡಿನ ಮೇಲೆ ಬರೆದಿದ್ದೆ.

ಸುಳ್ಳು ಹೇಳಬಾರದು. ಆ ಗಳಿಗೆಯಲ್ಲಿ ನನ್ನ ನಾಲಿಗೆಯ ತುದಿಗೆ ಬಂದ ಮೊದಲ ವಾಕ್ಯ "ಪುಸ್ತಕದಲ್ಲಿ ಪ್ರಿಂಟಿಂಗ್ ಮಿಸ್ಟೇಕ್ ಆಗಿದೆ" ಎಂಬುದು. ಎಷ್ಟು ಸುಲಭದ ವಾಕ್ಯ! ಅವರು ನಂಬುತ್ತಿದ್ದರು. ಥ್ಯಾಂಕ್ಸ್ ಹೇಳಿ ಬಸ್ಸು ಹತ್ತುತ್ತಿದ್ದರು. ನಾನು ಮನೆಗೆ ಹೋಗಿ ಕಾಫಿ ಕುಡಿಯುತ್ತಿದ್ದೆ.

"ಅಮರಾವತಿಯವರೇ, ಲೆಕ್ಕವೇ ತಪ್ಪು. ನಾನು ಬೋರ್ಡಿನ ಮೇಲೆ C ಹತ್ತಿರ ಐದರ ಬದಲು ಆರು ಅಂತ ತಪ್ಪು ಬರೆದಿದ್ದೆ" ಅಂದೆ.

ಅವರು ನನ್ನನ್ನೇ ನೋಡಿದರು.

"ಅಂಗಾರೆ ಅವಳು ಮಾಡಿದ್ದು?"

"ಸರಿ."

"ನಾಲ್ಕು ಸಲಾನೂ?"

"ನಾಲ್ಕು ಸಲವೂ ಸರಿ. ಇದು ಆಯತ ಅಲ್ಲವೇ ಅಲ್ಲ. ಯಾರು ಮಾಡಿದರೂ ಬರಲ್ಲ."

ಅಳುತ್ತಾರೆ ಅಂದುಕೊಂಡೆ. ಅಳಲಿಲ್ಲ. ನೋಟ್‌ಬುಕ್ಕನ್ನು ತಮ್ಮ ಕಡೆಗೆ ಎಳೆದುಕೊಂಡು, ಹೊಡೆದುಹಾಕಿದ್ದ ಒಂದೊಂದು ಸಾಲಿನ ಮೇಲೂ ಬೆರಳಾಡಿಸಿದರು. ಆಮೇಲೆ ಮಾತಾಡಿದರು, ನನ್ನ ಕಡೆ ನೋಡದೆ.

"ಅವತ್ತು ಮನೆಗೆ ಬಂದವಳು ಊಟ ಮಾಡ್ಲಿಲ್ಲ ಮೇಡಂ. ಬ್ಯಾಗ್ ಬಿಸಾಕಿ ಕೂತ್ಕೊಂಡ್ಲು. ಏನಾಯ್ತು ತಲ್ಲಿ, ಏನಾಯ್ತು ಕಂದ ಅಂದ್ರೆ, 'ನಂಗೆ ಲೆಕ್ಕ ಬರಲ್ಲಮ್ಮ, ಆರ್ಟ್ಸ್‌ಗೆ ಹೋಗ್ಬಿಡ್ತೀನಿ' ಅಂದ್ಲು. ಹತ್ತನೇ ಕ್ಲಾಸಲ್ಲಿ ಲೆಕ್ಕದಲ್ಲಿ ಸ್ಕೂಲಿಗೇ ಫಸ್ಟು ಅವಳು. ಯಾಕೆ ಬರಲ್ಲ ಅಂದೆ. 'ಕ್ಲಾಸಲ್ಲಿ ಎಲ್ರಿಗೂ ಬಂದೈತೆ, ನಂಗೊಬ್ಳಿಗೇ ಬಂದಿಲ್ಲ. ಮೇಡಮ್ಮೂ ಅದೇ ಅಂದ್ರು' ಅಂದ್ಲು."

ಅದು ನೆನಪಾಯಿತು. ಆ ಹುಡುಗಿ ಎದ್ದು ನಿಂತು "ಮ್ಯಾಮ್, ಬರ್ತಿಲ್ಲ" ಅಂದಿದ್ದಳು. "ಎಲ್ಲರಿಗೂ ಬಂದಿದೆ, ನಿನಗ್ಯಾಕಮ್ಮ ಬರಲ್ಲ? ಇನ್ನೊಂದು ಸಲ ನೋಡು, ಕೂತ್ಕೋ" ಅಂದಿದ್ದೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕಿದ್ದರು. ನಾನೂ ನಕ್ಕಿದ್ದೆನೇ? ಗೊತ್ತಿಲ್ಲ. ನಕ್ಕಿರಲಿಲ್ಲ ಎಂದು ಆಣೆ ಮಾಡಿ ಹೇಳಲಾರೆ.

"ನಾನೂ ಬೈದೆ ಮೇಡಂ," ಅಂದರು ಅಮರಾವತಿ. "ಎಲ್ರಿಗೂ ಬರೋದು ನಿಂಗ್ಯಾಕೆ ಬರಲ್ಲ, ಮೊಬೈಲ್ ನೋಡೋದು ಕಮ್ಮಿ ಮಾಡು ಅಂದೆ. ಆಮೇಲೆ ಹೊಸ ಲೆಕ್ಕ ಒಂದೂ ಬರೀಲಿಲ್ಲ ಅವಳು. ಅದಾಗಿ ಎಂಟ್ ದಿನಕ್ಕೆ ಜ್ವರ ಬಂತು."

ಎಂಟು ದಿನ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ, ಜ್ವರದ ಐದು ದಿನ ಸೇರಿಸಿದೆ. ಹದಿನೇಳು ವರ್ಷದ ಒಂದು ಹುಡುಗಿ ತನ್ನ ಬದುಕಿನ ಕೊನೆಯ ಹದಿಮೂರು ದಿನ ತಾನು ದಡ್ಡಿ ಎಂದುಕೊಂಡು ಬದುಕಿದ್ದಳು. ತರಗತಿಯಲ್ಲಿ ಆ ಲೆಕ್ಕವನ್ನು ಸರಿಯಾಗಿ ಮಾಡಿದ್ದವಳು ಅವಳೊಬ್ಬಳೇ.

ಅಮರಾವತಿ ನೋಟ್‌ಬುಕ್ಕನ್ನು ಕವರಿಗೆ ಹಾಕಿಕೊಂಡು ಎದ್ದರು. "ಬಸ್ಸಿಗೆ ಹೊತ್ತಾಯ್ತು" ಅಂದರು. ಬಾಗಿಲ ತನಕ ಹೋದೆ. ಏನು ಹೇಳಬೇಕು? "ಕ್ಷಮಿಸಿ" ಅಂದೆ. ಅವರು ಟೊಮೆಟೊ ಲಾರಿಗಳ ನಡುವೆ ರಸ್ತೆ ದಾಟಿ ಹೋದರು.

ಸೋಮವಾರ ತರಗತಿಗೆ ಹೋದವಳೇ ಎಲ್ಲರ ನೋಟ್‌ಬುಕ್ಕನ್ನೂ ಮೇಜಿನ ಮೇಲಿಡಲು ಹೇಳಿದೆ. ಆ ಪುಟ ತೆಗೆದು ನೋಡುತ್ತಾ ಹೋದೆ. ಎಲ್ಲರದರಲ್ಲೂ ಮೇಲೆ C(4, 6). ಎಲ್ಲರದರಲ್ಲೂ ಕೊನೆಗೆ "ಆದ್ದರಿಂದ ABCD ಒಂದು ಆಯತ". ಎಲ್ಲರಿಗೂ ನನ್ನ ಕೆಂಪು ಇಂಕಿನ ರೈಟ್ ಗುರುತು.

ಮಧ್ಯದ ಸಾಲುಗಳಲ್ಲಿ ಏನಿತ್ತು ಗೊತ್ತೇ? ಒಬ್ಬ ಮೈನಸ್ ಮೂರು ಬಂದದ್ದನ್ನು ತಿದ್ದಿ ಮೈನಸ್ ಎರಡು ಮಾಡಿದ್ದ. ಇನ್ನೊಬ್ಬಳು ಮೇಲಿನ ಸಾಲಿನಲ್ಲಿ ಆರು ಬರೆದು ಕೆಳಗಿನ ಸಾಲಿನಲ್ಲಿ ಐದು ಇಟ್ಟು ಕಳೆದಿದ್ದಳು. ಬಹಳಷ್ಟು ಜನ ಸೀನಿಯರ್‌ಗಳ ನೋಟ್ಸ್ ನೋಡಿ ಇಳಿಸಿದ್ದರು. ನಾನು ನೋಡಿದ್ದು ಕೊನೆಯ ಸಾಲು ಮಾತ್ರ.

"ಇದನ್ನ ನಿಜವಾಗಿ ಮಾಡಿ ನೋಡಿದವರು ಯಾರು?" ಅಂದೆ.

ಕೊನೆಗೆ ಲಾವಣ್ಯಳ ಪಕ್ಕ ಕೂರುತ್ತಿದ್ದ ಹೋಳೂರಿನ ಹುಡುಗಿ ಎದ್ದು ನಿಂತಳು. ಈಗಲೂ ಪಕ್ಕದ ಜಾಗ ಖಾಲಿ ಬಿಟ್ಟೇ ಕೂರುತ್ತಾಳೆ.

"ಮ್ಯಾಮ್, ನಂಗೂ ಬಂದಿರ್ಲಿಲ್ಲ. ನಾನು ನೋಡ್ಕೊಂಡ್ ಬರ್ದೆ. ನೀನೂ ಬರ್ಕೊಳೇ ಅಂತ ಅವಳಿಗೂ ಕೊಟ್ಟೆ. ಬೇಡ ಕಣೇ, ಎಲ್ಲಿ ತಪ್ಪಾಗ್ತಿದೆ ಗೊತ್ತಾಗ್ಬೇಕು ಅಂದ್ಲು."

ಅಷ್ಟು ಹೇಳಿ ಡೆಸ್ಕಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ನಾನು ಬೋರ್ಡಿನ ಕಡೆ ತಿರುಗಿ ನಿಂತೆ.

ಆಮೇಲೆ ಎಂಬತ್ತು ಜನರ ಮುಂದೆ ನಡೆದದ್ದನ್ನು ಹೇಳಿದೆ. ತಪ್ಪು ಲೆಕ್ಕ ಕೊಟ್ಟದ್ದು ನಾನು, ತಪ್ಪು ಉತ್ತರಕ್ಕೆ ರೈಟ್ ಹಾಕಿದ್ದು ನಾನು, ಸರಿಯಾಗಿ ಮಾಡಿದವಳನ್ನು ಕೂರಿಸಿದ್ದು ನಾನು.

ಅಂದಿನಿಂದ ಒಂದು ಪದ ನನ್ನನ್ನು ಬಿಡುತ್ತಿಲ್ಲ. "ಸಾಧಿಸಿ." ಆಯತವೆಂದು ಸಾಧಿಸಿ. ಅಂದರೆ ಏನು? ಉತ್ತರ ಮೊದಲೇ ತೀರ್ಮಾನವಾಗಿದೆ, ನೀವು ದಾರಿ ತುಂಬಿಸಿಕೊಂಡು ಬನ್ನಿ ಎಂದು. ದಾರಿ ಅಲ್ಲಿಗೆ ಹೋಗದಿದ್ದರೆ? ದಾರಿಯನ್ನು ತಿದ್ದು. ಮೂರನ್ನು ಎರಡು ಮಾಡು. ಆರನ್ನು ಐದು ಮಾಡು. ಕೊನೆಯ ಸಾಲು ಸರಿಯಿದ್ದರೆ ಮೇಲಿನದನ್ನು ಯಾರು ನೋಡುತ್ತಾರೆ?

ನಮ್ಮ ಮನೆಗಳಲ್ಲೂ ಇದೇ ಅಲ್ಲವೇ? ಸೊಸೆ ಸುಖವಾಗಿದ್ದಾಳೆ ಎಂದು ಮೊದಲೇ ತೀರ್ಮಾನಿಸಿಬಿಟ್ಟಿರುತ್ತೇವೆ. ಅವಳು "ಇಲ್ಲ" ಅಂದರೆ "ಎಲ್ಲರೂ ಹೊಂದಿಕೊಂಡಿದ್ದಾರೆ, ನಿನಗೇನು?" ಆಫೀಸಿನಲ್ಲಿ ಎಲ್ಲ ಸರಿಯಿದೆ ಎಂದು ಎಲ್ಲರೂ ಸಹಿ ಹಾಕಿರುತ್ತಾರೆ. ಒಬ್ಬ ಮಾತ್ರ "ಸಾರ್, ತಾಳೆ ಆಗ್ತಿಲ್ಲ" ಅಂದರೆ ಅವನಿಗೆ ಕೆಲಸ ಬರುವುದಿಲ್ಲ ಎನ್ನುತ್ತೇವೆ. (ನಾನೂ ಅಂದಿದ್ದೇನೆ. ಪರೀಕ್ಷಾ ಡ್ಯೂಟಿಯಲ್ಲಿ, ಒಬ್ಬ ಹೊಸ ಲೆಕ್ಚರರ್‌ಗೆ. ಇವತ್ತು ಬೇಡ ಆ ಕತೆ.) ಬರಲ್ಲ ಅನ್ನುವವರನ್ನು ಕೂರಿಸುವುದು ನಮಗೆ ಎಷ್ಟು ಅಭ್ಯಾಸವಾಗಿದೆ ಎಂದರೆ, ಅವರು ಯಾವುದನ್ನು ನೋಡಿ ಬರಲ್ಲ ಅನ್ನುತ್ತಿದ್ದಾರೆ ಎಂದು ಬಗ್ಗಿ ನೋಡುವುದಿಲ್ಲ.

ಮುಂದಿನ ಶನಿವಾರ ಅಮರಾವತಿ ಬರಲಿಲ್ಲ. ಬರುತ್ತಾರೆ ಎಂದು ನಾನು ಕಾದದ್ದೇ ತಪ್ಪು. ಭಾನುವಾರ ನಾನೇ ಹೊರಟೆ. ಡಿಸೆಂಬರಿನಲ್ಲಿ ಹೋಗಬೇಕಾಗಿದ್ದ ಊರು. ಕೋಲಾರದಿಂದ ಅಷ್ಟೇನೂ ದೂರವಿಲ್ಲ ಎಂದು ಅವತ್ತು ಗೊತ್ತಾಯಿತು.

ಮನೆಯ ಮುಂದೆ ಗಂಡ ಹಸುವಿಗೆ ಮೇವು ಹಾಕುತ್ತಿದ್ದರು. ನಾನು ಯಾರೆಂದು ಹೇಳಿದೆ. ಕೈ ಒರೆಸಿಕೊಂಡು, "ಬನ್ನಿ ಮೇಡಂ" ಅಂದರು. ಕುರ್ಚಿ ತಂದಿಟ್ಟು ಮತ್ತೆ ಹಸುವಿನ ಹತ್ತಿರ ಹೋಗಿ ನಿಂತರು. ಬೆನ್ನು ನಮ್ಮ ಕಡೆ.

ಅಮರಾವತಿ ಒಳಗಿನಿಂದ ನೀರು ತಂದರು. ಆಮೇಲೆ, ನಾನು ಕೇಳದೆಯೇ, ನೋಟ್‌ಬುಕ್ಕು ತಂದು ನನ್ನ ತೊಡೆಯ ಮೇಲಿಟ್ಟರು. ಖಾಲಿಯಿದ್ದ ಮುಂದಿನ ಪುಟದಲ್ಲಿ ಈಗ ಪೆನ್ಸಿಲಿನ ದುಂಡಗಿನ ಅಕ್ಷರ. C(4, 5) ಇಟ್ಟುಕೊಂಡು ಪೂರ್ತಿ ಲೆಕ್ಕ. AB ಅರ್ಧ. BC ಮೈನಸ್ ಎರಡು. CD ಅರ್ಧ. DA ಮೈನಸ್ ಎರಡು. ಎದುರುಬದುರು ಬಾಹು ಸಮಾಂತರ, ಅಕ್ಕಪಕ್ಕದ್ದು ಗುಣಿಸಿದರೆ ಮೈನಸ್ ಒಂದು. ಆಯತ. ಒಂದು ಹೆಜ್ಜೆಯನ್ನೂ ಹಾರಿಸಿರಲಿಲ್ಲ.

"ನೀವು ಐದು ಅಂದ್ರಲ್ಲ, ಅದನ್ನಿಟ್ಟು ಮಾಡ್ದೆ. ಸರಿ ಐತಾ?"

"ಸರಿಯಾಗಿದೆ."

"ಅಂಗಾರೆ ಹಿಂದಿನ ಹಾಳೆ ತೆಗೀರಿ. ಅಲ್ಲಿ ಇಂಗ್ಲಿಷಲ್ಲಿ ಬರ್ದಿದೀರಲ್ಲ, ಅದನ್ನ ಹೊಡೆದಾಕಿ."

ನನ್ನ ಕೆಂಪು ಪೆನ್ನು ಬ್ಯಾಗಿನಲ್ಲೇ ಇತ್ತು. ಇನ್‌ಕಂಪ್ಲೀಟ್ ಎಂಬ ಪದದ ಮೇಲೆ ಗೆರೆ ಎಳೆದೆ. ನಾಲ್ಕು ಪ್ರಯತ್ನಗಳ ಪಕ್ಕದಲ್ಲೂ ಒಂದೊಂದು ರೈಟ್ ಹಾಕಿದೆ. ಕೆಳಗೆ ಕನ್ನಡದಲ್ಲಿ ಬರೆದೆ: "ಇದು ಆಯತವಲ್ಲ. ಲಾವಣ್ಯ ಮಾಡಿದ್ದೇ ಸರಿ. ತಪ್ಪು ನನ್ನದು." ಸಹಿ ಮಾಡಿದೆ.

ಅವರು ಅದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ನಿಧಾನವಾಗಿ ಓದಿದರು. ಹಸುವಿನ ಹತ್ತಿರ ನಿಂತಿದ್ದ ಗಂಡನಿಗೂ ಕೇಳುವಂತೆ ಇನ್ನೊಂದು ಸಲ ಜೋರಾಗಿ ಓದಿದರು. ಆತ ತಿರುಗಲಿಲ್ಲ. ಹಸುವಿನ ಕೊರಳ ಮೇಲಿದ್ದ ಕೈ ಮಾತ್ರ ಹಾಗೇ ನಿಂತಿತು.

"ಇದನ್ನ ಅವಳಿದ್ದಾಗ ಬರೀಬೇಕಿತ್ತು ಮೇಡಂ" ಅಂದರು ಅಮರಾವತಿ.

ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಊಟ ಮಾಡಿಕೊಂಡು ಹೋಗಿ ಅಂದರು. ಮುದ್ದೆ, ಹುಳಿಸೊಪ್ಪಿನ ಸಾರು. ತಟ್ಟೆಯಲ್ಲಿ ಏನೂ ಬಿಡದೆ ಉಂಡು ಎದ್ದೆ. ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳುವ ಮಾತಲ್ಲ ಅದು.

ಇದನ್ನು ಅಂಕಣಕ್ಕೆ ಬರೆಯಲೇ ಎಂದು ಮೊನ್ನೆ ಫೋನ್ ಮಾಡಿ ಕೇಳಿದೆ. ಆ ಕಡೆ ಡೇರಿಯ ಕ್ಯಾನುಗಳ ಸದ್ದು. ಬರೀರಿ ಅಂದರು. ಪೇಪರಿನಲ್ಲಿ ಬರುವುದರಿಂದ ಮಗಳ ಹೆಸರು ಬದಲಾಯಿಸಿ ಹಾಕುತ್ತೇನೆ ಅಂದೆ.

"ಹೆಸರು ಯಾಕ್ ಬದಲಾಯಿಸ್ತೀರಾ ಮೇಡಂ? ತಪ್ಪು ಮಾಡಿದ್ದು ಅವಳಾ?"